ಮಳೆಗಾಲದ ದೂಧಸಾಗರಕ್ಕೆ ಅಡ್ವಾನ್ಸ್ ಕೊಡುವ ಮುಂಚೆ

ವಾಸ್ಕೋ, ಮಡಗಾಂವ್ ಕಡೆ ಇರುವ ನಮ್ಮ ಕನ್ನಡದವರಿಗೆ ಮೊದಲೇ ಹೇಳಿಬಿಡುತ್ತೇನೆ: ಜುಲೈನಲ್ಲಿ ‘ಪರ್ಮಿಷನ್ ಸಮೇತ ದೂಧಸಾಗರ ಟ್ರೆಕ್’ ಅಂತ ವಾಟ್ಸಾಪಿನಲ್ಲಿ ಪೋಸ್ಟರ್ ಬಂದರೆ ದುಡ್ಡು ಕಳಿಸಬೇಡಿ. ನಾನು ಕಳಿಸಿದೆ. ತಲೆಗೆ 1,200ರಂತೆ ನಾಲ್ಕು ಜನಕ್ಕೆ 4,800, ಪೂರ್ತಿ ಮುಂಗಡ. ಹುಬ್ಬಳ್ಳಿಯಿಂದ ಅಕ್ಕನ ಮಗ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ, ಬೀಚ್ ನೋಡಿ ಬೇಜಾರಾಗಿತ್ತಂತೆ.

ದೂಧಸಾಗರ ಜಲಪಾತದ ಸುತ್ತ ಒಟ್ಟು 240 ಚದರ ಕಿಲೋಮೀಟರ್ ರಕ್ಷಿತ ಕಾಡಿದೆ, ಅದರಲ್ಲಿ 107 ಮೊಲ್ಲೆಂ ರಾಷ್ಟ್ರೀಯ ಉದ್ಯಾನ. ಇಷ್ಟು ಕಾಡಿದ್ದೂ ನಮ್ಮ ‘ಲೀಡರ್’ ನಡೆಸಿದ್ದು ರೈಲು ಹಳಿಯ ಮೇಲೆ. ಕುಲೆಂ ಸ್ಟೇಷನ್ ದಾಟಿ ಹಿಂಬದಿಯಿಂದ ಹತ್ತಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಪರ್ಮಿಷನ್ ಎಲ್ಲಿ ಅಂದರೆ ಮೊಬೈಲಿನಲ್ಲಿ ಮಸುಕಾದ ಒಂದು ಫೋಟೋ ತೋರಿಸಿದ. ಸೀಲು ಮಾತ್ರ ಕಾಣುತ್ತಿತ್ತು. ಮೊದಲ ಸುರಂಗದ ಬಾಯಲ್ಲಿ ಎಲ್ಲರ ಫೋಟೋ ಹೊಡೆದ, ಬಹಳ ಉತ್ಸಾಹದಿಂದ.

ಎರಡನೇ ಸುರಂಗದ ನಡುವೆ ಇದ್ದೆವು. ಹೊರಗೆ ಮಳೆಯ ಆರ್ಭಟ, ಹಿಂದಿನ ಸದ್ದು ಕೇಳಲೇ ಇಲ್ಲ. ‘ಮಾಮಾ, ಗಾಡಿ ಬರಾಕತ್ತೈತಿ!’ ಅಂತ ಅಳಿಯ ಕೂಗಿದಾಗ ಗೋಡೆಯಲ್ಲಿದ್ದ ಗೂಡಿನೊಳಗೆ ನಾಲ್ವರೂ ತುರುಕಿಕೊಂಡೆವು. ಕಲ್ಲಿದ್ದಲ ಗಾಡಿ. ಮೂಗಿನ ಮುಂದೆ ಒಂದೊಂದೇ ವ್ಯಾಗನ್, ಬಾಯಿ ತುಂಬ ಕರಿ ಪುಡಿ. ಮುಗಿಯಿತು ಅಂತ ಹುಡುಗ ಕಾಲು ಹೊರಗಿಟ್ಟ. ಕಾಲರ್ ಹಿಡಿದು ಎಳೆದೆ. ಈ ಘಾಟಿನ ಏರು 37 ಅಡಿಗೆ ಒಂದಡಿ, ಅದಕ್ಕೇ ಹಿಂದಿನಿಂದಲೂ ಎಂಜಿನ್ ಹಚ್ಚಿ ತಳ್ಳುತ್ತಾರೆ. ಆ ಎಂಜಿನ್ನುಗಳು ಇನ್ನೂ ಬರಬೇಕಿತ್ತು.

ಹೊರಗೆ ಬಂದು ನೋಡಿದರೆ ಲೀಡರ್ ಇಲ್ಲ. ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಕಾಲಿಗೆ ಉಂಬಳ ಮಾತ್ರ ಬೇಕಾದಷ್ಟು. ವಾಪಸ್ ನಡೆದು ಬಂದವರನ್ನು ರೈಲ್ವೆ ಪೊಲೀಸರು ಹಿಡಿದರು, ದಂಡ ಕಟ್ಟಿದೆವು. ತಪ್ಪು ನಮ್ಮದೇ, ವಾದ ಮಾಡಲಿಲ್ಲ. ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ: ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2023ರ ಜುಲೈನಲ್ಲಿ ಇದೇ ದಾರಿಯಲ್ಲಿ ಸಿಕ್ಕವರಿಂದ ಬಸ್ಕಿ ಹೊಡೆಸಿದ ವಿಡಿಯೋ ನೋಡಿ ನಾನೇ ನಕ್ಕಿದ್ದೆ.

ನೋಡಲೇಬೇಕಿದ್ದರೆ ಮಳೆ ಮುಗಿಯಲಿ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಕುಲೆಂನಿಂದ ಜೀಪು ಶುರುವಾಗುತ್ತವೆ, ಒಂದಕ್ಕೆ ಏಳು ಜನ, ಅಲ್ಲಿನ ಕೌಂಟರಿನಲ್ಲೇ ದುಡ್ಡು ಕಟ್ಟಿ. ಮಳೆಯಲ್ಲೇ ನೋಡಬೇಕೆಂದರೆ ಹುಬ್ಬಳ್ಳಿ-ವಾಸ್ಕೋ ರೈಲಿನ ಕಿಟಕಿ ಸಾಕು. 310 ಮೀಟರ್ ಎತ್ತರದ ಜಲಪಾತ, ಗಾಡಿ ಅದರ ಎದುರಿನ ಸೇತುವೆಯ ಮೇಲೇ ಹಾಯುತ್ತದೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಅವನು ನನ್ನ ನಂಬರ್ ಬ್ಲಾಕ್ ಮಾಡಿದ. ಹೋದ ವಾರ ನಮ್ಮ ಕಾಲೋನಿ ಗ್ರೂಪಿಗೆ ಹೊಸ ಪೋಸ್ಟರ್ ಬಂದಿದೆ, ಈ ಸಲ ತಲೆಗೆ 1,500. ಸುರಂಗದ ಬಾಯಲ್ಲಿ ಹಲ್ಲು ಕಿರಿದು ನಿಂತಿರುವವನು ನಮ್ಮ ಅಳಿಯ.