ಸಜ್ಜೆ ರೊಟ್ಟಿಯೋ, ಜೋಳದ ರೊಟ್ಟಿಯೋ, ಅನ್ನವೋ? ರಜೆಯಲ್ಲಿ ಮೂರನ್ನೂ ಉಂಡು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ನನಗೆ ಸಜ್ಜೆ ರೊಟ್ಟಿ ಎಲ್ಲಕ್ಕಿಂತ ಚೆನ್ನಾಗಿ ಹಿಡಿಸಿತು. ವರ್ಷಪೂರ್ತಿ ತಿನ್ನಲು ಜೋಳದ ರೊಟ್ಟಿಯೇ ಸರಿ. ಅನ್ನದ ಬಗ್ಗೆ ರಜೆಗೆ ಮುಂಚೆ ನನಗೆ ಇದ್ದ ಸಿಟ್ಟು ಈಗ ಇಲ್ಲ, ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಇಪ್ಪತ್ತಾರು ದಿನ ಉಂಡು, ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಹೇಳುತ್ತಿರುವ ಮಾತು ಇದು.

ನಾನು ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ ಓದುತ್ತಿದ್ದೇನೆ. ಊರು ಕೊಪ್ಪಳ ಜಿಲ್ಲೆ, ಯಲಬುರ್ಗಾ ಕಡೆ. 2024ರ ಡಿಸೆಂಬರ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.6 ಬಂತು. ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಎರಡನೇ ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು, ಮಧ್ಯಾಹ್ನ ಪುಸ್ತಕ ಹಿಡಿದರೆ ಕಣ್ಣು ಮುಚ್ಚುತ್ತಿತ್ತು. ಪರೀಕ್ಷೆಯ ಒತ್ತಡ ಅಂದುಕೊಂಡು ಸುಮ್ನಿದ್ದೆ. ಡಾಕ್ಟರು ಏನೇನು ತಿಂತೀಯಮ್ಮಾ ಅಂತ ಕೇಳಿದರು. ಬೆಳಗ್ಗೆ ಉಪ್ಪಿಟ್ಟು ಇಲ್ಲಾ ಒಗ್ಗರಣೆ ಮಂಡಕ್ಕಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುನಡುವೆ ನಾಲ್ಕು ಸಲ ಚಹಾ. ಅವರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಊಟ ಆದ ತಕ್ಷಣ ಚಹಾ ಕುಡಿಯಬೇಡ ಅಂತ ಎರಡೆರಡು ಸಲ ಹೇಳಿದರು. ನನ್ನ ಕೋಣೆಯಲ್ಲಿ ನಾಲ್ಕು ಜನ ಇದ್ದೇವೆ, ಅದರಲ್ಲಿ ಮೂವರದ್ದು ಹೀಗೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಇದು ನನ್ನೊಬ್ಬಳ ಕಥೆ ಅಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ರಜೆ ಸಿಕ್ಕಿದ್ದೂ ಸರಿಯಾದ ಹೊತ್ತಿಗೆ. ಎಳ್ಳ ಅಮವಾಸ್ಯೆ ಡಿಸೆಂಬರ್ 30ಕ್ಕೆ, ಸಂಕ್ರಾಂತಿ ಜನವರಿ 14ಕ್ಕೆ, ಮರುದಿನವೇ ಕೊಪ್ಪಳದ ಗವಿಸಿದ್ಧೇಶ್ವರ ತೇರು. ಹದಿನೇಳು ದಿನದಲ್ಲಿ ಮೂರು ದೊಡ್ಡ ಊಟ! ಹಬ್ಬದ ಅಡುಗೆಗೆ ಬೇಡ ಅನ್ನಲ್ಲ, ಆದರೆ ಉಳಿದ ದಿನ ಮಧ್ಯಾಹ್ನ ಮತ್ತು ರಾತ್ರಿ ಒಂದೇ ಧಾನ್ಯ ತಿನ್ನುತ್ತೇನೆ ಅಂತ ಅವ್ವನಿಗೆ ಹೇಳಿದೆ. ಒಂಬತ್ತು ದಿನ ಸಜ್ಜೆ, ಎಂಟು ದಿನ ಅನ್ನ, ಒಂಬತ್ತು ದಿನ ಜೋಳ. ಮತ್ತೆ ಹಸಿವು ಯಾವಾಗ ಆಯಿತು, ಮಧ್ಯಾಹ್ನ ಓದುವಾಗ ನಿದ್ದೆ ಬಂತಾ, ಹೊಟ್ಟೆ ಹೇಗಿತ್ತು, ಮಾಡುವವರಿಗೆ ಎಷ್ಟು ಕೆಲಸ ಬಿತ್ತು, ಇಷ್ಟನ್ನು ಬರೆದಿಟ್ಟೆ.

ಸಜ್ಜೆಯಿಂದ ಶುರು ಮಾಡಿದ್ದು ಚಳಿಗೆ. ಸಜ್ಜೆ ಉಷ್ಣ, ಅದನ್ನು ಈ ಚಳಿಯಲ್ಲೇ ತಿನ್ನಬೇಕು ಅಂತ ಅಜ್ಜಿ ಯಾವಾಗಲೂ ಹೇಳುತ್ತಾಳೆ. ಮೊದಲ ಎರಡು ದಿನ ನನಗೆ ಕಷ್ಟ ಆಯಿತು. ಹೊಟ್ಟೆ ಭಾರ, ಸ್ವಲ್ಪ ಗ್ಯಾಸು. ಹಾಸ್ಟೆಲ್‌ನಲ್ಲಿ ತಿಂಗಳುಗಟ್ಟಲೆ ಮೆತ್ತಗಿನ ಅನ್ನ ತಿಂದ ಹೊಟ್ಟೆಗೆ ಒಂದೇ ಸಲ ಮೂರು ರೊಟ್ಟಿ ಹಾಕಿದ್ದು ನನ್ನದೇ ತಪ್ಪು. ಮೂರನೇ ದಿನದಿಂದ ಒಂದೂವರೆಗೆ ಇಳಿಸಿದೆ, ನೀರು ಜಾಸ್ತಿ ಕುಡಿದೆ. ಆಮೇಲೆ ಏನೂ ತೊಂದರೆ ಇಲ್ಲ. ಬದಲಿಗೆ ಬೆಳಗ್ಗೆ ಹೊಟ್ಟೆ ಸಾಫಾಗಿ ಆಗುತ್ತಿತ್ತು, ಹಾಸ್ಟೆಲ್‌ನಲ್ಲಿ ಅದೇ ದೊಡ್ಡ ಗೋಳಾಗಿತ್ತು.

ನಾಲ್ಕನೇ ದಿನ ಎಳ್ಳ ಅಮವಾಸ್ಯೆ. ಅವ್ವ, ಚಿಗವ್ವ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಹಿಂಡಿ (ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಅಂತಾರೆ), ಶೇಂಗಾ ಹೋಳಿಗೆ ಎಲ್ಲ ಮಾಡಿ ಬುತ್ತಿ ಕಟ್ಟಿದರು. ಹೊಲದಲ್ಲಿ ಕಡಲೆ ಹೂವು ಬಿಟ್ಟಿತ್ತು. ಅಪ್ಪ ಮುಂದೆ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ, ಚೆಲ್ಲುತ್ತಾ, ತಮ್ಮ ಹಿಂದೆ ನೀರು ಚಿಮುಕಿಸುತ್ತಾ ನಾಲ್ಕೂ ಬದುವಿಗೆ ಹೋಗಿಬಂದರು. ಬೇವಿನ ಮರದ ಕೆಳಗೆ ಎಲ್ಲರೂ ಕೂತು ಉಂಡೆವು. ಆವತ್ತು ನಾನು ಎಷ್ಟು ತಿಂದೆ ಅಂತ ಬರೆದಿಡಲಿಲ್ಲ. ಆದರೆ ಸಂಜೆ ಮನೆಗೆ ಎರಡು ಕಿಲೋಮೀಟರ್ ನಡೆದುಕೊಂಡೇ ಬಂದೆ, ಮತ್ತು ರಾತ್ರಿ ಹಸಿವೆಯೇ ಆಗಲಿಲ್ಲ ಅಂತ ಬರೆದಿದ್ದೇನೆ.

ಬಾಕಿ ದಿನಗಳ ಲೆಕ್ಕ ಹೀಗಿದೆ: ಮಧ್ಯಾಹ್ನ ಒಂದೂವರೆ ಗಂಟೆಗೆ ಉಂಡರೆ ಸಂಜೆ ಏಳು ದಾಟಿದ ಮೇಲೆಯೇ ಹಸಿವು. ಮಧ್ಯಾಹ್ನದ ತೂಕಡಿಕೆ ಒಂಬತ್ತು ದಿನದಲ್ಲಿ ಎರಡೇ ದಿನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ ನೋಡಿದರೆ ಇದಕ್ಕೆ ಕಾರಣ ಸಿಗುತ್ತದೆ. ನೂರು ಗ್ರಾಂ ಸಜ್ಜೆಯಲ್ಲಿ ನಾರು ಸುಮಾರು 11 ಗ್ರಾಂ, ಕಬ್ಬಿಣ 6.4 ಮಿಲಿಗ್ರಾಂ. ಜೋಳದಲ್ಲಿ ನಾರು 10 ಗ್ರಾಂ, ಕಬ್ಬಿಣ 4 ಮಿಲಿಗ್ರಾಂ ಹತ್ತಿರ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ನನ್ನಂಥವಳಿಗೆ ಈ ಕಬ್ಬಿಣದ ಅಂಕಿಯೇ ಮುಖ್ಯ ಅಲ್ವಾ? ಆದರೆ ಒಂದು ಮಾತು. ಕಾಳುಕಡಿಯಲ್ಲಿರುವ ಫೈಟೇಟ್ ಅನ್ನೋ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಜ್ಜೆಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ. ಜೊತೆಗೆ ನಿಂಬೆಹಣ್ಣು ಹಿಂಡಿದ ಕೋಸಂಬರಿ, ಮೊಳಕೆ ಕಾಳು ಇದ್ದರೆ ಜಾಸ್ತಿ ಹತ್ತುತ್ತದೆ. ಮೇಲೆ ಚಹಾ ಕುಡಿದರೆ ಹತ್ತುವುದು ಇನ್ನೂ ಕಡಿಮೆಯಾಗುತ್ತದೆ. ಊಟ ಆದಮೇಲಿನ ಚಹಾ ಬಿಟ್ಟದ್ದು ನನಗೆ ಧಾನ್ಯ ಬದಲಾಯಿಸಿದ್ದಕ್ಕಿಂತ ಕಷ್ಟದ ಕೆಲಸ ಆಗಿತ್ತು.

ಸಜ್ಜೆಯ ತೊಂದರೆ ಇರೋದು ಹಿಟ್ಟಿನಲ್ಲಿ. ನೂರು ಗ್ರಾಂ ಸಜ್ಜೆಯಲ್ಲಿ ಕೊಬ್ಬಿನ ಅಂಶ 5 ಗ್ರಾಂ ಮೇಲಿದೆ, ಜೋಳದಲ್ಲಿ 2 ಗ್ರಾಂ ಒಳಗೆ. ಹಾಗಾಗಿ ಬೀಸಿಟ್ಟ ಸಜ್ಜೆ ಹಿಟ್ಟು ಬೇಗ ಕಮಟು ಹಿಡಿದು ಕಹಿಯಾಗುತ್ತದೆ. ಅವ್ವ ಒಂದು ವಾರಕ್ಕಾಗುವಷ್ಟು ಮಾತ್ರ ಗಿರಣಿಗೆ ಕಳಿಸುತ್ತಾಳೆ. ಪೇಟೆಯಲ್ಲಿ ತಿಂಗಳ ಹಿಂದಿನ ಪ್ಯಾಕೆಟ್ ತಂದು, ಸಜ್ಜೆ ಕಹಿ ಅಂತ ಬಿಟ್ಟವರು ಒಮ್ಮೆ ಹೊಸ ಹಿಟ್ಟಿನ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿಂದು ನೋಡಬೇಕು.

ಜನವರಿ 5ಕ್ಕೆ ಚಿಗವ್ವನ ಜೊತೆ ಗಂಗಾವತಿಗೆ ಹೋದೆ. ಅಲ್ಲಿ ಬೇರೆಯೇ ಲೋಕ. ನಮ್ಮ ಕಡೆ ಮಳೆ ನೋಡಿಕೊಂಡು ಬಿತ್ತುತ್ತಾರೆ, ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರು, ಎಲ್ಲಿ ನೋಡಿದರೂ ಭತ್ತ. ಹಿಂದಿನ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಚಿಗವ್ವನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವಂತೆ. ಅಂಥ ಮನೆಯಲ್ಲಿ ಕೂತು ಅನ್ನ ಒಳ್ಳೆಯದಲ್ಲ ಅಂತ ಹೇಗೆ ಹೇಳೋದು? "ನಮ್ಮ ಹೊಲದ ಸೋನಾ ಮಸೂರಿ ಐತಿ, ಹೊಟ್ಟಿ ತುಂಬ ಉಣ್ಣವಾ" ಅಂತ ಚಿಗವ್ವ ಬಡಿಸುತ್ತಿದ್ದಳು. ಮಲ್ಲಿಗೆಯಂಥ ಅನ್ನ, ಬ್ಯಾಳಿ ಸಾರು, ಹಪ್ಪಳ. ರುಚಿಯಲ್ಲಿ ನನ್ನ ದೂರೇನೂ ಇಲ್ಲ.

ಮೊದಲ ನಾಲ್ಕು ದಿನ ಹಾಸ್ಟೆಲ್‌ನಲ್ಲಿ ಹೇಗೆ ತಿನ್ನುತ್ತಿದ್ದೆನೋ ಹಾಗೇ ತಿಂದೆ, ಅಂದರೆ ತಟ್ಟೆ ತುಂಬ ಅನ್ನ, ಮೇಲೆ ಸಾರು, ಪಲ್ಯ ಒಂದು ಚಮಚ. ನಾಲ್ಕು ದಿನವೂ ಮಧ್ಯಾಹ್ನ ನಿದ್ದೆ. ನಾಲ್ಕೂವರೆಗೆಲ್ಲ ಹಸಿವು, ಹಸಿವಾದಾಗ ಕೈ ಹೋಗುತ್ತಿದ್ದದ್ದು ಚುರುಮುರಿ, ಮಿರ್ಚಿ ಕಡೆಗೆ. ಐದನೇ ದಿನ ಒಂದು ವಿಷಯ ಗಮನಕ್ಕೆ ಬಂತು. ರೊಟ್ಟಿ ತಿನ್ನುವಾಗ ಪ್ರತಿ ತುತ್ತಿಗೂ ಪಲ್ಯ ಬೇಕು. ಹಿಂಡಿ, ಮೊಸರು, ಕಾಳು, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಇಲ್ಲದೆ ಬರೀ ರೊಟ್ಟಿ ಗಂಟಲಲ್ಲಿ ಇಳಿಯೋದೇ ಇಲ್ಲ. ಅನ್ನಕ್ಕೆ ಸಾರು ಇದ್ದರೆ ಸಾಕು, ಅಗಿಯದೆಯೇ ಒಳಗೆ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಊಟದ ಹೊತ್ತು ಕೂಡ ಇದೆ: ರೊಟ್ಟಿಗೆ ಇಪ್ಪತ್ತೈದು ನಿಮಿಷ, ಅನ್ನಕ್ಕೆ ಒಂಬತ್ತು. ಹಾಗಾದರೆ ನಾನು ಇಷ್ಟು ದಿನ ಹೋಲಿಸುತ್ತಿದ್ದದ್ದು ಧಾನ್ಯಕ್ಕೆ ಧಾನ್ಯವನ್ನಲ್ಲ, ಒಂದು ತುಂಬಿದ ತಟ್ಟೆಗೆ ಇನ್ನೊಂದು ಬರಿದಾದ ತಟ್ಟೆಯನ್ನು.

ಆವತ್ತಿನಿಂದ ಅನ್ನ ಅರ್ಧ ಮಾಡಿದೆ. ಮೊದಲು ಪಲ್ಯ, ಹೆಸರುಕಾಳು, ಸೌತೆಕಾಯಿ ಬಡಿಸಿಕೊಂಡು ಉಳಿದ ಜಾಗಕ್ಕೆ ಅನ್ನ. ಹಸಿವು ಆರು ಗಂಟೆಗೆ ಹೋಯಿತು. ನಿದ್ದೆ ಮುಂದಿನ ನಾಲ್ಕು ದಿನದಲ್ಲಿ ಒಂದೇ ದಿನ ಬಂತು, ಅದೂ ಹಿಂದಿನ ರಾತ್ರಿ ತಡವಾಗಿ ಮಲಗಿದ್ದಕ್ಕೆ ಇರಬೇಕು. ರೊಟ್ಟಿಯಷ್ಟಲ್ಲ, ಆದರೆ ಅಷ್ಟು ದೂರವೂ ಇಲ್ಲ. ಅನ್ನದ ಮೇಲೆ ಸಿಟ್ಟು ಹೋಯಿತು ಅಂದದ್ದು ಇದಕ್ಕೇ. ಹಾಸ್ಟೆಲ್‌ನಲ್ಲಿ ಇರೋರಿಗೆ ರೊಟ್ಟಿ ದಿನಾ ಸಿಗಲ್ಲ, ಇದನ್ನಾದರೂ ಮಾಡಬಹುದು.

ಜೋಳದ ವಾರ ಶುರುವಾದದ್ದು ಸಂಕ್ರಾಂತಿಯ ಹಿಂದಿನ ಭೋಗಿ ದಿನ, ಆವತ್ತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೇ ಆಗಬೇಕು. ಹಾಗಾಗಿ ಮೊದಲ ದಿನವೇ ನಿಯಮ ತಪ್ಪಿತು, ಇರಲಿ. ಜೋಳದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಂದೂವರೆಗೆ ಉಂಡರೆ ಆರೂವರೆ, ಏಳರವರೆಗೆ ಹಸಿವಿಲ್ಲ. ಹೊಟ್ಟೆ ಮೊದಲ ದಿನದಿಂದಲೇ ಹಗುರ. ಸಜ್ಜೆಯ ಹಾಗೆ ಮೈ ಬಿಸಿ ಅನ್ನಿಸಲ್ಲ. ಹಿಟ್ಟು ಕಮಟು ಬೇಗ ಹಿಡಿಯಲ್ಲ, ಆದರೆ ಹಳೆಯದಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು, ಬಿಸಿನೀರಿಗೆ ಹಿಟ್ಟು ಬೆಂದು ಜಿಗಿ ಬರುತ್ತದೆ. ಇದನ್ನೆಲ್ಲ ಆ ವಾರ ಕಲಿತೆ. ಯಾಕೆಂದರೆ ಎರಡು ರೊಟ್ಟಿ ವಾರಗಳಲ್ಲಿ ಅವ್ವ ದಿನಾ ಒಂದು ಗಂಟೆ ಮೇಲೆ ಒಲೆ ಮುಂದೆ ಕೂತಿದ್ದನ್ನು ಬರೆದುಕೊಂಡಿದ್ದೆ, ಗಂಗಾವತಿಯಲ್ಲಿ ಕುಕ್ಕರ್ ಇಪ್ಪತ್ತು ನಿಮಿಷದ ಕೆಲಸ. ಬೆಳಗ್ಗೆ ಹೊಲದ ಕೆಲಸ ಇದ್ದಾಗಲೂ ಅವಳೇ ಬಡಿಯಬೇಕು. ರೊಟ್ಟಿ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳುವ ನಾವು ಯಾರ ಆರೋಗ್ಯದ ಲೆಕ್ಕ ಹಾಕುತ್ತಿದ್ದೇವೆ? ಈಗ ನಾನು ಹದಿನೈದು ರೊಟ್ಟಿ ಬಡಿಯುತ್ತೇನೆ. ತಮ್ಮನನ್ನೂ ಕೂರಿಸಿದೆ, ಬೇಯಿಸಿ ತೆಗೆಯುವುದು ಅವನದು.

ಸಿಹಿ ಬಗ್ಗೆಯೂ ಹೇಳಬೇಕು, ರಜೆಯಲ್ಲಿ ನಮ್ಮನ್ನು ಜಾಸ್ತಿ ಕೆಡಿಸೋದು ಅದೇ. ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಮಾದಲಿ (ಗೋಧಿ ರೊಟ್ಟಿಯ ಪುಡಿಗೆ ಬೆಲ್ಲ ಹಾಕಿ ಮಾಡುವ ಸಿಹಿ) ಮೂರನ್ನೂ ತಿಂದೆ. ಹೂರಣದ ಹೋಳಿಗೆಯನ್ನು ಹಾಲು ತುಪ್ಪದ ಜೊತೆ ಊಟದಲ್ಲಿ ತಿನ್ನುತ್ತೇವೆ, ಎರಡಕ್ಕೆ ಸಾಕಾಗುತ್ತದೆ. ಮೋಸ ಹೋಗೋದು ಶೇಂಗಾ ಹೋಳಿಗೆಯಲ್ಲಿ. ಹದಿನೈದು ದಿನ ಇಟ್ಟರೂ ಕೆಡಲ್ಲ, ಡಬ್ಬಿ ಕೈಗೆ ಸಿಗುವ ಹಾಗೆ ಇರುತ್ತದೆ, ಹೋಗುವಾಗ ಒಂದು ಬರುವಾಗ ಒಂದು. ಶೇಂಗಾದಲ್ಲಿ ನೂರಕ್ಕೆ ಹತ್ತಿರ ಹತ್ತಿರ 40 ಭಾಗ ಎಣ್ಣೆ, ಮೇಲೆ ಬೆಲ್ಲ. ಪ್ರೋಟೀನ್ ಇದೆ ನಿಜ, ಆದರೆ ನಾನು ಒಂದೇ ದಿನ ಆರು ತಿಂದಿದ್ದೇನೆ, ಆವತ್ತು ರಾತ್ರಿ ಊಟ ಬಿಟ್ಟಿದ್ದೇನೆ. ಅಲ್ಲಿಂದ ಡಬ್ಬಿಯನ್ನು ಅಜ್ಜಿ ಮೇಲಿನ ಹಲಗೆಗೆ ಎತ್ತಿಟ್ಟಳು. ಮಾದಲಿ ಸಿಕ್ಕಿದ್ದು ಗವಿಮಠದ ದಾಸೋಹದಲ್ಲಿ. ಸುತ್ತಲಿನ ಊರಿನ ಹೆಂಗಸರು ವಾರಗಟ್ಟಲೆ ರೊಟ್ಟಿ ಬಡಿದು ಟ್ರ್ಯಾಕ್ಟರ್‌ನಲ್ಲಿ ಹೇರಿ ಮಠಕ್ಕೆ ಕಳಿಸುತ್ತಾರೆ. ನಮ್ಮ ಓಣಿಯಿಂದಲೂ ಹೋಗಿದ್ದವು. ಆ ಸಾಲಿನಲ್ಲಿ ಕೂತು ಯಾರದೋ ಮನೆಯ ಖಡಕ್ ರೊಟ್ಟಿ, ಮಾದಲಿ ತಿನ್ನುವಾಗ ಇದಕ್ಕೆ ಅಂಕ ಹಾಕಬೇಕು ಅಂತ ಅನ್ನಿಸಲೇ ಇಲ್ಲ.

ಇನ್ನು ಹಿಮೋಗ್ಲೋಬಿನ್. ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ, 11.4 ಬಂತು. ಇದನ್ನು ರೊಟ್ಟಿಯ ಲೆಕ್ಕಕ್ಕೆ ಬರೆಯಬೇಡಿ. ಮೂರು ತಿಂಗಳು ತಪ್ಪದೆ ಮಾತ್ರೆ ತಗೊಂಡಿದ್ದೇನೆ, ನಿಂಬೆ ನೀರಿನ ಜೊತೆ, ಚಹಾ ಹಾಲಿನಿಂದ ದೂರ ಇಟ್ಟು. ಗೆಳತಿಯೊಬ್ಬಳು ಮಾತ್ರೆ ಬಿಟ್ಟು ಬರೀ ಸಜ್ಜೆ ತಿಂತೀನಿ ಅಂದಳು. ಬೇಡ ಅಂತ ಗಟ್ಟಿಯಾಗಿ ಹೇಳಿದೆ. 9 ಇರುವಾಗ ಊಟದಿಂದ ಮಾತ್ರ ಬೇಗ ಮೇಲೆ ಬರೋದು ಕಷ್ಟ, ಮೇಲೆ ಬಂದದ್ದನ್ನು ಉಳಿಸಿಕೊಳ್ಳೋಕೆ ಊಟ ಬೇಕು. ಡಾಕ್ಟರ್ ಹತ್ತಿರ ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಹಾಸ್ಟೆಲ್‌ಗೆ ಬರುವಾಗ ನಲವತ್ತು ಖಡಕ್ ಜೋಳದ ರೊಟ್ಟಿ, ಹತ್ತು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ತಂದಿದ್ದೆ. ಮಧ್ಯಾಹ್ನ ಮೆಸ್ಸಿನ ತಟ್ಟೆಯಲ್ಲಿ ಅರ್ಧ ಅನ್ನ, ಒಂದು ರೊಟ್ಟಿ. ಖಡಕ್ ರೊಟ್ಟಿ ಹಲ್ಲಿಗೆ ಗಟ್ಟಿ ಅನ್ನೋರು ಸಾರಿನಲ್ಲಿ ಎರಡು ನಿಮಿಷ ನೆನೆಸಿಡಿ, ಮೆತ್ತಗಾಗುತ್ತದೆ. ಈಗ ಬಳ್ಳಾರಿ ಬಿಸಿಲು ಶುರುವಾಗಿದೆ, ಸಜ್ಜೆ ಬಿಟ್ಟಿದ್ದೇನೆ. ಜೋಳದ್ದು ಮುಗಿದಾಗ ಕೊಪ್ಪಳದಿಂದ ಬರುವ ನಮ್ಮೂರಿನ ಹುಡುಗಿಯ ಕೈಯಲ್ಲಿ ಅವ್ವ ಕಳಿಸುತ್ತಾಳೆ. ಹೋದ ವಾರದ ಗಂಟಿನಲ್ಲಿ ಸ್ವಲ್ಪ ದಪ್ಪ ಅಂಚಿನ ಐದಾರು ರೊಟ್ಟಿ ಇದ್ದವು, ತಮ್ಮ ಬಡಿದದ್ದಂತೆ.