ಲಿಥಿಯಂ ಮಾತ್ರೆ: ತೊಂಬತ್ತರ ದಶಕದಿಂದ ಬಳಸುತ್ತಿರುವವಳ ವಿಮರ್ಶೆ

ಔಷಧ: ಲಿಥಿಯಂ ಕಾರ್ಬೋನೇಟ್, 300 ಮಿಲಿಗ್ರಾಂ ಮಾತ್ರೆ. ಕಾಯಿಲೆ: ಬೈಪೋಲಾರ್, ಅಂದರೆ ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವ ತೊಂದರೆ. ಬಳಕೆ: ತೊಂಬತ್ತರ ದಶಕದ ಆರಂಭದಿಂದ, ನಡುವೆ ಒಂದಷ್ಟು ಕಾಲ ನಿಂತಿತ್ತು. ಅಂಕ: ಐದಕ್ಕೆ ನಾಲ್ಕು.

ಒಂದು ಅಂಕ ಕಳೆದಿರುವುದು ಥೈರಾಯ್ಡ್ ಮತ್ತು ಮೂತ್ರಪಿಂಡಗಳ ಲೆಕ್ಕಕ್ಕೆ. ಉಳಿದ ನಾಲ್ಕನ್ನು ಮನಸಾರೆ ಕೊಡುತ್ತಿದ್ದೇನೆ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ನಿವೃತ್ತಿಯವರೆಗೂ ಗಣಿತ ಕಲಿಸಲು ನನಗೆ ಸಾಧ್ಯವಾದದ್ದು ಈ ಮಾತ್ರೆಯಿಂದ. ಇಷ್ಟು ಅಗ್ಗದ, ಇಷ್ಟು ಪರೀಕ್ಷೆಗೆ ನಿಂತ ಔಷಧ ವೈದ್ಯರ ಚೀಟಿಗಳಿಂದ ಮೆಲ್ಲಗೆ ಮರೆಯಾಗುತ್ತಿರುವುದನ್ನು ನೋಡಿ ಸಂಕಟವಾಗುತ್ತದೆ. ಬರೆಯಲು ಅದೇ ಕಾರಣ.

ನಮ್ಮ ಮನೆತನದಲ್ಲಿ ಈ ಕಾಯಿಲೆ ಇಳಿದು ಬಂದಿದೆ. ಹಾಗಾಗಿ ಔಷಧಗಳು ಬದಲಾದದ್ದನ್ನು ಮನೆಯೊಳಗೇ ಕಂಡಿದ್ದೇನೆ. ಅರವತ್ತರ ದಶಕದಲ್ಲಿ ನನ್ನ ಸೋದರತ್ತೆಗೆ ಕೊಟ್ಟದ್ದು ಕ್ಲೋರ್‌ಪ್ರೊಮಜೀನ್. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಜಾನ್ ಡಿಲೇ ಮತ್ತು ಪಿಯರ್ ಡೆನಿಕರ್ ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದ ಮೇಲೆ ಜಗತ್ತಿನ ಮಾನಸಿಕ ಆಸ್ಪತ್ರೆಗಳ ಸ್ವರೂಪವೇ ಬದಲಾಯಿತು. ಅತ್ತೆಯ ಆರ್ಭಟ ನಿಂತದ್ದು ನಿಜ. ಆದರೆ ಬಾಯಿ ಸದಾ ಒಣಗುತ್ತಿತ್ತು, ಬಿಸಿಲಿಗೆ ಹೋದರೆ ಚರ್ಮ ಸುಡುತ್ತಿತ್ತು, ಹಗಲಿಡೀ ಮಂಪರು. ಅವರ ಕಾಲಕ್ಕೆ ಹಳ್ಳಿಯಲ್ಲಿ ಸರ್ಪಗಂಧದ ಬೇರನ್ನೂ ಅರೆದು ಕೊಡುತ್ತಿದ್ದರು. ಅದನ್ನು ಬರೀ ನಾಟಿ ಔಷಧವೆಂದು ತಳ್ಳಿಹಾಕುವಂತಿಲ್ಲ. 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಆ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಅದರಿಂದ ರೆಸರ್ಪಿನ್ ಬೇರ್ಪಡಿಸಿತು, ಕೆಲವು ವರ್ಷ ಅದೂ ಮನೋರೋಗದ ಔಷಧವಾಗಿ ಮೆರೆಯಿತು. ನಂತರ ಕ್ಲೋರ್‌ಪ್ರೊಮಜೀನ್ ಎದುರು ಹಿಂದೆ ಬಿತ್ತು.

ನನ್ನ ಸರದಿ ಬಂದಾಗ ಬೆಂಗಳೂರಿನಲ್ಲಿ ಲಿಥಿಯಂ ಶುರುಮಾಡಿದರು. ಉನ್ಮಾದ ಇಳಿಯಲು ಒಂದೆರಡು ವಾರ ಹಿಡಿಯಿತು, ಅಲ್ಲಿಯವರೆಗೆ ಉನ್ಮಾದವನ್ನು ಬೇಗ ತಗ್ಗಿಸುವ ಹ್ಯಾಲೋಪೆರಿಡಾಲ್ ಜೊತೆಗಿತ್ತು. ಅದನ್ನು ನಿಲ್ಲಿಸಿದ ಮೇಲೆ ಲಿಥಿಯಂನ ಗುಣ ತಿಳಿಯಿತು. ಮಂಪರಿಲ್ಲ. ಮನಸ್ಸಿನ ಮೇಲೆ ಯಾವುದೋ ಹೊದಿಕೆ ಹಾಕಿದಂತಿಲ್ಲ. ಖುಷಿಯೂ ಬರುತ್ತದೆ, ಅಳುವೂ ಬರುತ್ತದೆ, ಆದರೆ ಎರಡಕ್ಕೂ ಕಾರಣವಿರುತ್ತದೆ ಮತ್ತು ಎರಡೂ ಒಂದು ಮಿತಿಯಲ್ಲಿ ಮುಗಿಯುತ್ತವೆ. ರಾತ್ರಿಯಿಡೀ ಎಚ್ಚರವಿದ್ದು ಮನೆಯ ಪಾತ್ರೆಗಳನ್ನೆಲ್ಲ ದಾನ ಮಾಡುವ ಹುರುಪು ಬರಲಿಲ್ಲ. ಸಾಯಬೇಕೆಂಬ ಯೋಚನೆ ಬರಲಿಲ್ಲ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವುದರಲ್ಲಿ ಲಿಥಿಯಂಗಿರುವಷ್ಟು ಆಧಾರ ಬೈಪೋಲಾರ್‌ನ ಬೇರೆ ಯಾವ ಔಷಧಕ್ಕೂ ಇಲ್ಲ. ಈ ಸಂಗತಿಯನ್ನು ರೋಗಿಗಳಿಗೂ ಮನೆಯವರಿಗೂ ಗಟ್ಟಿಯಾಗಿ ಹೇಳಬೇಕು. ಹೇಳುವವರು ಕಡಿಮೆ.

ಇದರ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳದಿದ್ದರೆ ಇಂದಿನ ಉಪೇಕ್ಷೆ ಅರ್ಥವಾಗದು. ಆಸ್ಟ್ರೇಲಿಯಾದ ಜಾನ್ ಕೇಡ್ ಎರಡನೇ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದು ಬಂದ ವೈದ್ಯ. ಊರಿಗೆ ಮರಳಿದ ಮೇಲೆ ಮೆಲ್ಬರ್ನ್ ಬಳಿಯ ಬಂಡೂರಾ ಆಸ್ಪತ್ರೆಯಲ್ಲಿ ಗಿನಿಪಿಗ್‌ಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಲಿಥಿಯಂ ಕೊಟ್ಟ ಪ್ರಾಣಿಗಳು ಶಾಂತವಾದದ್ದನ್ನು ಗಮನಿಸಿದರು. ತಾವೇ ಮೊದಲು ಸೇವಿಸಿ ನೋಡಿ, ಆಮೇಲೆ ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲು ಮಾರುತ್ತಿದ್ದ ಲಿಥಿಯಂ ಕ್ಲೋರೈಡ್‌ನಿಂದ ಸಾವುಗಳಾಗಿ ಲಿಥಿಯಂ ಹೆಸರೇ ಕೆಟ್ಟಿತು. ಕೇಡ್ ಅವರ ಮೊದಲ ರೋಗಿಯೂ ಮುಂದೆ ಅದರ ವಿಷದಿಂದಲೇ ತೀರಿಕೊಂಡ. ರಕ್ತದಲ್ಲಿ ಎಷ್ಟಿದೆಯೆಂದು ಅಳೆಯುವ ಕ್ರಮ ಬಂದ ಮೇಲೆ, ಡೆನ್ಮಾರ್ಕಿನ ಮೋಗೆನ್ಸ್ ಶೌ 1954ರಿಂದ ವರ್ಷಗಟ್ಟಲೆ ದುಡಿದು ಅದನ್ನು ಉಳಿಸಿದರು. ಅಮೆರಿಕ ಒಪ್ಪಿಗೆ ಕೊಟ್ಟದ್ದು 1970ರಲ್ಲಿ. ಇದು ಭೂಮಿಯಲ್ಲಿ ಸಿಗುವ ಮೂಲವಸ್ತು. ಪೇಟೆಂಟ್ ಮಾಡಲು ಬರುವುದಿಲ್ಲ. ಇದರ ಪರವಾಗಿ ಬ್ಯಾಗ್ ಹಿಡಿದು ವೈದ್ಯರ ಬಾಗಿಲಲ್ಲಿ ಕಾಯುವ ಪ್ರತಿನಿಧಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಈಗ ದಿನನಿತ್ಯದ ಬಳಕೆ. ಕಾಪಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನಷ್ಟು ಇರಬೇಕು. 1.5 ದಾಟಿದರೆ ಅಪಾಯದ ಲಕ್ಷಣಗಳು ಕಾಣತೊಡಗುತ್ತವೆ. ಪರೀಕ್ಷೆಗೆ ರಕ್ತ ಕೊಡುವುದು ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆಯ ನಂತರ, ಬೆಳಗಿನ ಮಾತ್ರೆಗೆ ಮೊದಲು. ಮಾತ್ರೆ ನುಂಗಿ ಎಷ್ಟು ಹೊತ್ತಾಯಿತೆಂದು ಲ್ಯಾಬಿನವರು ಕೇಳದಿದ್ದರೆ ನೀವೇ ಹೇಳಬೇಕು, ಇಲ್ಲವಾದರೆ ಬಂದ ಅಂಕಿಗೆ ಅರ್ಥವಿಲ್ಲ.

ನೀರು ಮತ್ತು ಉಪ್ಪಿನ ವಿಷಯಕ್ಕೆ ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚು ಎಚ್ಚರ ಬೇಕು. ದೇಹದಲ್ಲಿ ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನೀರೂ ಕುಡಿಯದ ಏಕಾದಶಿ ಉಪವಾಸ ಬೇಡ, ಏಕಾಏಕಿ ಉಪ್ಪಿಲ್ಲದ ಪಥ್ಯ ಬೇಡ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ನಾನು ಉಪ್ಪು ಹಾಕಿದ ಮಜ್ಜಿಗೆಯನ್ನು ಚೆಂಬಿನಲ್ಲಿ ಇಟ್ಟುಕೊಂಡೇ ತರಗತಿಗೆ ಹೋಗುತ್ತಿದ್ದೆ. ವಾಂತಿಭೇದಿಯಾದರೆ ಅಂದೇ ವೈದ್ಯರಿಗೆ ಫೋನು ಮಾಡಬೇಕು. ಮಂಡಿನೋವಿಗೆ ಔಷಧ ಅಂಗಡಿಯಲ್ಲಿ ಕೇಳದೆಯೇ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಪ್ಯಾರಾಸಿಟಮಾಲ್ ಆಗುತ್ತದೆ. ರಕ್ತದೊತ್ತಡದ ಮಾತ್ರೆಗಳಲ್ಲಿ ಹಲವು, ವಿಶೇಷವಾಗಿ ಮೂತ್ರ ಹೆಚ್ಚಿಸುವಂಥವು, ಇದೇ ತೊಂದರೆ ಕೊಡುತ್ತವೆ. ಯಾವ ವೈದ್ಯರ ಬಳಿ ಹೋದರೂ ಲಿಥಿಯಂ ತೆಗೆದುಕೊಳ್ಳುತ್ತಿರುವುದನ್ನು ಮೊದಲ ಮಾತಾಗಿ ಹೇಳಿ. ಕೈ ಜೋರಾಗಿ ಅದುರುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈ ಲಕ್ಷಣಗಳನ್ನು ಮನೆಯವರೂ ತಿಳಿದಿರಬೇಕು, ಏಕೆಂದರೆ ವಿಷ ಏರಿದವರಿಗೆ ತಮ್ಮ ತೊದಲು ತಮಗೇ ಕೇಳಿಸದಿರಬಹುದು.

ಅಡ್ಡಪರಿಣಾಮ ನನಗೆ ಆಗಿದೆ. ಕೈ ಸಣ್ಣಗೆ ನಡುಗುತ್ತದೆ. ಕಪ್ಪುಹಲಗೆಯ ಮೇಲೆ ವೃತ್ತ ಬರೆಯುವಾಗ ಮಕ್ಕಳಿಗೆ ಕಾಣುತ್ತಿತ್ತು, ಪ್ರೊಪ್ರನಲಾಲ್ ಶುರುವಾದ ಮೇಲೆ ತಗ್ಗಿತು. ಬಾಯಾರಿಕೆ ಮತ್ತು ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಹೋಗಲಿಲ್ಲ. ಥೈರಾಯ್ಡ್ ಮಂದವಾಗಿ ಥೈರಾಕ್ಸಿನ್ ಮಾತ್ರೆ ಸೇರಿಕೊಂಡಿದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಇತ್ತೀಚೆಗೆ ತುಸು ಏರಿರುವುದರಿಂದ ಪ್ರಮಾಣ ಇಳಿಸಿದ್ದಾರೆ, ಪರೀಕ್ಷೆಗಳು ಹತ್ತಿರ ಹತ್ತಿರವಾಗಿವೆ. ಮೂತ್ರಪಿಂಡದ ತೊಂದರೆ ಮೊದಲೇ ಇರುವವರಿಗೆ ಈ ಔಷಧ ಸರಿಹೊಂದದಿರಬಹುದು.

ನಡುವೆ ನಿಂತದ್ದು ಹೇಗೆಂದರೆ, ಹೊಸದಾಗಿ ನೋಡಿದ ವೈದ್ಯರೊಬ್ಬರು ಲಿಥಿಯಂ ಹಳೆಯ ಕಾಲದ್ದು, ಈಗ ಒಲಾಂಜಪಿನ್ ಇದೆ ಎಂದು ಥಟ್ಟನೆ ಬದಲಿಸಿಬಿಟ್ಟರು. ಒಲಾಂಜಪಿನ್ 1996ರಲ್ಲಿ ಬಂದ ಔಷಧ, 2000ದಲ್ಲಿ ಉನ್ಮಾದಕ್ಕೂ ಅಮೆರಿಕದ ಒಪ್ಪಿಗೆ ಸಿಕ್ಕಿತು. ಕೆಲಸ ಮಾಡುವ ಔಷಧವೇ. ನನಗೆ ಮಾತ್ರ ಹಸಿವು ತಡೆಯಲಾರದಷ್ಟಾಯಿತು, ತೂಕ ಏರಿತು, ಸಕ್ಕರೆಯ ಅಂಕಿ ಗಡಿಗೆ ಬಂತು. ಲಿಥಿಯಂ ಒಮ್ಮೆಲೇ ನಿಂತರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ನನಗೂ ಮರುಕಳಿಸಿತು. ಹಳೆಯ ವೈದ್ಯರು ಮತ್ತೆ ಲಿಥಿಯಂಗೆ ತಂದರು.

ನನ್ನದು ಒಬ್ಬಳ ಕಥೆಯಲ್ಲ. ಅಮೆರಿಕದ ಹೊರರೋಗಿ ವಿಭಾಗಗಳ ಅಧ್ಯಯನವೊಂದರ ಪ್ರಕಾರ, ಲಿಥಿಯಂ, ವ್ಯಾಲ್ಪ್ರೊಯೇಟ್ ಮುಂತಾದ ಮನಃಸ್ಥಿತಿ ಕಾಪಾಡುವ ಔಷಧಗಳನ್ನು 1997–2000ದಲ್ಲಿ ಬೈಪೋಲಾರ್ ರೋಗಿಗಳ ಶೇ. 62ರಷ್ಟು ಭೇಟಿಗಳಲ್ಲಿ ಬರೆಯುತ್ತಿದ್ದರು. 2013–16ರ ಹೊತ್ತಿಗೆ ಅದು ಶೇ. 26ಕ್ಕೆ ಇಳಿದಿತ್ತು. ಒಲಾಂಜಪಿನ್, ಕ್ವೆಟಿಯಾಪಿನ್‌ನಂಥ ಹೊಸ ಮನೋರೋಗ ಔಷಧಗಳ ಗುಂಪು ಶೇ. 12ರಿಂದ 51ಕ್ಕೆ ಏರಿತ್ತು. ಹೊಸವಕ್ಕೆ ರಕ್ತದ ಮಟ್ಟ ನೋಡುವ ರಗಳೆಯಿಲ್ಲ ಎಂಬುದು ಇದಕ್ಕೊಂದು ಕಾರಣ. ಕೊಲೆಸ್ಟರಾಲ್, ಸಕ್ಕರೆ, ತೂಕ ನೋಡಬೇಕೆಂಬ ನಿಯಮವಿದ್ದರೂ ನೋಡದೆ ಬಿಟ್ಟರೆ ಅಂದೇ ಏನೂ ಆಗುವುದಿಲ್ಲ. ಲಿಥಿಯಂ ಅಂಥ ಅಸಡ್ಡೆಯನ್ನು ಸಹಿಸುವುದಿಲ್ಲ.

ಅಣ್ಣನ ಮಗಳಿಗೆ ಕಾಲೇಜು ಮುಗಿಯುವಾಗ ಇದೇ ಕಾಯಿಲೆ ಕಾಣಿಸಿತು. ಚೀಟಿ ತಂದು ತೋರಿಸಿದಳು: ವ್ಯಾಲ್ಪ್ರೊಯೇಟ್. ಮದುವೆಯ ಮಾತುಕತೆ ನಡೆಯುತ್ತಿದ್ದ ಹುಡುಗಿ. ಬಸಿರಿನಲ್ಲಿ ತಾಯಿ ಈ ಔಷಧ ತೆಗೆದುಕೊಂಡರೆ ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ನ್ಯೂನತೆ ಇರುತ್ತದೆ, ಇನ್ನೂ ಹೆಚ್ಚು ಮಕ್ಕಳಿಗೆ ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆಯಾಗುತ್ತದೆ. ಬ್ರಿಟನ್ 2018ರಿಂದ ಗರ್ಭ ತಡೆಯುವ ಖಚಿತ ಏರ್ಪಾಡಿಲ್ಲದೆ ಹೆಣ್ಣುಮಕ್ಕಳಿಗೆ ಕೊಡಬಾರದೆಂದು ಕಟ್ಟುನಿಟ್ಟು ಮಾಡಿದೆ. ಇವಳಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. “ಅತ್ತೆ, ಅವರು ಕೇಳಲೂ ಇಲ್ಲ, ಹೇಳಲೂ ಇಲ್ಲ” ಎಂದಳು. ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಬೇರೆ ವೈದ್ಯರ ಬಳಿ ಕರೆದುಕೊಂಡು ಹೋದೆ. ಲಿಥಿಯಂನಿಂದಲೂ ಮಗುವಿನ ಹೃದಯಕ್ಕೆ ಸಣ್ಣ ಪ್ರಮಾಣದ ಅಪಾಯವಿದೆ, ಬಸಿರಿನಲ್ಲಿ ಅದರ ಮಟ್ಟವೂ ಏರುಪೇರಾಗುತ್ತದೆ. ಅವರು ಅದನ್ನೆಲ್ಲ ಬಿಡಿಸಿ ಹೇಳಿ, ಅವಳ ಒಪ್ಪಿಗೆ ಕೇಳಿ, ಕ್ವೆಟಿಯಾಪಿನ್ ಬರೆದರು. ಅವಳಿಗೆ ಅದೇ ಹೊಂದಿಕೊಂಡಿದೆ. ನನ್ನ ಮಾತ್ರೆಯನ್ನೇ ತೆಗೆದುಕೋ ಎಂದು ನಾನು ಎಂದೂ ಒತ್ತಾಯಿಸಿಲ್ಲ.

ಬೆಲೆ ಮತ್ತು ಲಭ್ಯತೆ: ಮಾತ್ರೆಗೆ ಕೆಲವೇ ರೂಪಾಯಿ, ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗದ ಔಷಧವನ್ನು ಹಳ್ಳಿಯವರೆಗೆ ಒಯ್ದು ತೋರಿಸಿತು, ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಾನು ಕಂಡ ಸಣ್ಣ ಊರುಗಳಲ್ಲಿ ಮಾತ್ರೆಗಿಂತ ಕಷ್ಟವಾಗಿರುವುದು ಲಿಥಿಯಂ ಮಟ್ಟದ ಪರೀಕ್ಷೆ. ರಕ್ತ ತೆಗೆದು ದೊಡ್ಡ ಊರಿಗೆ ಕಳಿಸಿ ವರದಿಗೆ ಕಾಯುವ ಹೊತ್ತಿಗೆ ಔಷಧವನ್ನೇ ಬದಲಿಸುವುದು ವೈದ್ಯರಿಗೆ ಸಲೀಸಾಗಿ ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಸಕ್ಕರೆ, ಕ್ರಿಯಾಟಿನಿನ್ ಜೊತೆಗೆ ಇದೊಂದು ಪರೀಕ್ಷೆಯೂ ನಡೆಯಬೇಕು. ನಿಮ್ಮ ಊರಿನ ಆರೋಗ್ಯ ರಕ್ಷಾ ಸಮಿತಿಗೆ ಬರೆದು ಕೇಳಿ, ನಾನು ನಮ್ಮಲ್ಲಿ ಬರೆದು ಕೊಟ್ಟಿದ್ದೇನೆ. ಈಗ ಲಿಥಿಯಂ ತೆಗೆದುಕೊಳ್ಳುತ್ತಿರುವವರು ನಿಲ್ಲಿಸಬೇಕೆನಿಸಿದರೆ ನಿಮ್ಮ ಮನೋವೈದ್ಯರನ್ನು ಕಂಡು, ವಾರಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸುವ ವೇಳಾಪಟ್ಟಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ತುರ್ತಾಗಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ.