ರೌಂಡ್, ಫ್ಲಾಟ್, ನೈಲಾನ್: ಒಂದೇ ಬೇಸ್ ಗಿಟಾರಿಗೆ ಮೂರು ಸೆಟ್ ತಂತಿ ಹಾಕಿ ನೋಡಿದೆ

"ನೀನು ಇವತ್ತು ನುಡಿಸ್ದ್ಯಾ, ಇಲ್ಲ ಸುಮ್ನೆ ನಿಂತಿದ್ಯಾ?"

ಕೇಳಿದ್ದು ನಮ್ಮ ತಂಡದ ಕೀಬೋರ್ಡ್ ಅಣ್ಣ. ಚಿಂತಾಮಣಿ ಕಡೆ ಒಂದು ಗಣೇಶೋತ್ಸವದ ರಸಮಂಜರಿ ಮುಗಿಸಿ, ರಾತ್ರಿ ಒಂದೂವರೆಗೆ ವ್ಯಾನಿನಲ್ಲಿ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಅಲ್ಲ, ನಿಜವಾಗಲೂ ಕೇಳಿಸಿರಲಿಲ್ಲವಂತೆ. ವೇದಿಕೆಯ ಎರಡೂ ಕಡೆ ಡಬ್ಬಲ್ 18 (18 ಇಂಚಿನ ಎರಡೆರಡು ಸ್ಪೀಕರಿನ) ಬೇಸ್ ಬಾಕ್ಸ್ ಇಟ್ಟು, ರಿದಂ ಪ್ಯಾಡ್, ಡೋಲಕ್, ನನ್ನ ಬೇಸ್ ಗಿಟಾರ್ ಎಲ್ಲವನ್ನೂ ಸೌಂಡ್ಸ್‌ನವರು ಒಂದೇ ಸಮ ಏರಿಸಿದ್ದರು. ಮೈದಾನ ಪೂರ್ತಿ ಗುಂಯ್ ಅಂತ ತುಂಬಿಕೊಂಡಿತ್ತು. ಅದರಲ್ಲಿ ಸ್ವರ ಯಾವುದು, ಮೋಟರ್ ಯಾವುದು ಅಂತ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಹಾಗಾಗಿ ಅಣ್ಣ ಎಡಗೈಯಲ್ಲಿ ಕೀಬೋರ್ಡಿನಲ್ಲೇ ಬೇಸ್ ಹಾಕಿಕೊಂಡು ಹೋಗಿದ್ದರು. ನಾನೂ ಅದನ್ನೇ ನುಡಿಸುತ್ತಿದ್ದೆ. ಇಬ್ಬರದ್ದೂ ಸೇರಿ ಇನ್ನಷ್ಟು ಗುಂಯ್.

ಆಂಪ್ ಬದಲಾಯಿಸು ಅಂದವರು ಒಬ್ಬರು, ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್) ಬದಲಾಯಿಸು ಅಂದವರು ಇನ್ನೊಬ್ಬರು. ದುಡ್ಡಿನ ಲೆಕ್ಕ ನೋಡಿದರೆ ಎಲ್ಲಕ್ಕಿಂತ ಅಗ್ಗ ತಂತಿ. ಸರಿ, ಅಲ್ಲಿಂದಲೇ ಶುರು ಮಾಡೋಣ ಅಂತ ಹೊರಟೆ. ಒಂದೂವರೆ ವರ್ಷ ಹಿಡಿಯಿತು.

ಬೇಸ್ ಒಂದೇ: ಫೆಂಡರ್ ಕಂಪನಿಯ ಪ್ರಿಸಿಷನ್ ಮಾದರಿಯದು, ನಾಲ್ಕು ತಂತಿ, 34 ಇಂಚು ಸ್ಕೇಲ್ (ಮಿಡಿಯುವ ತಂತಿಯ ಉದ್ದ), ಎರಡು ತುಂಡಿನ ಪಿಕಪ್. ಪ್ರತಿ ಸೆಟ್ ಹಾಕಿದಾಗಲೂ ಮನೆಯಲ್ಲಿ ಅದೇ ಎಂಟು ಆವರ್ತದ ಸಾಲನ್ನು, ನಾಬ್‌ಗಳನ್ನು ಅದೇ ಜಾಗದಲ್ಲಿಟ್ಟು ರೆಕಾರ್ಡ್ ಮಾಡಿದೆ. ಆಮೇಲೆ ಕಡಿಮೆ ಅಂದರೆ ಆರು ಕಾರ್ಯಕ್ರಮ ಅಂತ ಲೆಕ್ಕ ಹಾಕಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಗೆದ್ದದ್ದು ಮೈದಾನದಲ್ಲಿ ಸೋತಿತು. ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ರೌಂಡ್‌ವೂಂಡ್. ಅಂಗಡಿಯಿಂದ ಬರುವ ಹೆಚ್ಚಿನ ಬೇಸ್‌ಗಳಲ್ಲಿ ಇರುವುದು ಇದೇ. ಉಕ್ಕಿನ ಒಳತಂತಿಯ ಮೇಲೆ ಗುಂಡನೆಯ ತಂತಿ ಸುತ್ತಿರುತ್ತಾರೆ, ಉಗುರು ಎಳೆದರೆ ಝರ್ ಅನ್ನುತ್ತದೆ. ನಾನು ಹಾಕಿದ್ದು 45ರಿಂದ 100 ಅಳತೆಯ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ನಿಕಲ್ ಸೆಟ್. ಹೊಸದು ಹಾಕಿದ ದಿನ ಮನೆಯಲ್ಲಿ ನುಡಿಸಿದರೆ, ಅಬ್ಬಾ, ಪಿಯಾನೋದ ಕೆಳಗಿನ ಮನೆಗಳ ಹಾಗೆ ಒಂದೊಂದು ಸ್ವರವೂ ಹೊಳೆಯುತ್ತದೆ. ಸ್ಲ್ಯಾಪ್ ಮಾಡಬೇಕು, ಅಂದರೆ ಹೆಬ್ಬೆರಳಿನಲ್ಲಿ ತಂತಿಗೆ ಬಡಿದು ನುಡಿಸಬೇಕು ಅಂದರೆ ಇದು ಬಿಟ್ಟು ಬೇರೆ ದಾರಿಯೇ ಇಲ್ಲ. ಈ ಸದ್ದು ಶುರುವಿನಿಂದ ಇದ್ದದ್ದಲ್ಲ. ಫೆಂಡರ್ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ, ಆಗ ಅದಕ್ಕೆ ಹಾಕುತ್ತಿದ್ದದ್ದು ಫ್ಲಾಟ್ ತಂತಿ. 1966ರಲ್ಲಿ ಇಂಗ್ಲೆಂಡಿನ ತಂತಿ ಕಂಪನಿ ರೊಟೊಸೌಂಡ್‌ನವರು ದಿ ಹೂ ಅನ್ನುವ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಜೊತೆ ಕೂತು ಈ ರೌಂಡ್ ಸೆಟ್ಟನ್ನು ಸರಿಮಾಡಿದ ಮೇಲೆ ಬೇಸ್ ಅಂದರೆ ಹೀಗೇ ಕೇಳಿಸಬೇಕು ಅನ್ನುವಂತಾಯಿತು. ಅವರ ಆ ಸೆಟ್ಟಿನ ಹೆಸರಿನಲ್ಲಿ ಇವತ್ತಿಗೂ 66 ಇದೆ.

ತೊಂದರೆ ಅಂದರೆ ಆ ಹೊಳಪಿಗೆ ಆಯಸ್ಸಿಲ್ಲ. ಸುತ್ತುಗಳ ನಡುವಿನ ಸಂದಿಯಲ್ಲಿ ಬೆವರು, ಚರ್ಮದ ಪುಡಿ, ಕಾರ್ಯಕ್ರಮದ ಮಧ್ಯೆ ತಿಂದ ಬೋಂಡದ ಎಣ್ಣೆ ಎಲ್ಲಾ ಹೋಗಿ ಕೂರುತ್ತದೆ. ನನ್ನ ಕೈಗೆ ಬೆವರು ಜಾಸ್ತಿ. ಬೆಂಗಳೂರಿನಲ್ಲಿ ಒಂದು ಸೆಟ್ ಮೂರು ತಿಂಗಳು ಬಂದರೆ, ಏಪ್ರಿಲ್‌ನಲ್ಲಿ ಉಡುಪಿ, ಮಂಗಳೂರು ಕಡೆ ಸಾಲಾಗಿ ನಾಲ್ಕು ಕಾರ್ಯಕ್ರಮ ಮಾಡಿ ಬಂದಾಗ ಎಲ್ಲಕ್ಕಿಂತ ಸಣ್ಣ ಜಿ ತಂತಿಯ ಕೆಳಭಾಗದಲ್ಲಿ ಕಂದು ಚುಕ್ಕೆಗಳು ಎದ್ದಿದ್ದವು. ಬೆರಳಿಗೆ ತುಕ್ಕಿನ ವಾಸನೆ.

ಇಲ್ಲಿಂದ ನನ್ನ ಅಡುಗೆಮನೆ ಅಧ್ಯಾಯ. ಸತ್ತ ತಂತಿಯನ್ನು ನೀರಿನಲ್ಲಿ ಕುದಿಸಿದರೆ ಜೀವ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬರುತ್ತದೆ, ನಿಜ. ಹತ್ತು ನಿಮಿಷ ಕುದಿಸಿದೆ. ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿ, ಮೇಲೆ ಬೂದುಬಣ್ಣದ ಕೆನೆ ಕಟ್ಟಿತು. ಅದು ನನ್ನದೇ ಬೆರಳಿನ ಕೊಳೆ ಅಂತ ನೋಡಿ ಮನಸ್ಸಿಗೆ ಒಂಥರಾ ಆಯಿತು. ಒರೆಸಿ, ಒಣಗಿಸಿ ಹಾಕಿದರೆ ಹೊಸದರ ಮುಕ್ಕಾಲು ಪಾಲು ಸದ್ದು. ಆದರೆ ನಾಲ್ಕೈದು ದಿನ ಅಷ್ಟೇ, ಆಮೇಲೆ ಮತ್ತೆ ಮಂಕು. ಒಳಗೆ ಉಳಿದ ತೇವ ತುಕ್ಕಿಗೆ ದಾರಿ ಮಾಡುತ್ತದೆ. ಪಾತ್ರೆ ಅಮ್ಮ ಹುಳಿ ಮಾಡುವುದು ಅಂತ ಆಮೇಲೆ ಗೊತ್ತಾಯಿತು, ಆ ವಿಷಯ ಬೇಡ ಬಿಡಿ.

ಆಮೇಲೆ ಮಾಡಿದ್ದು ಪೈಪ್. ನಾಲ್ಕಡಿ ಉದ್ದದ, ಒಂದಿಂಚಿನ ಪಿವಿಸಿ ಪೈಪ್. ಕೆಳಗೆ ಎಂಡ್ ಕ್ಯಾಪನ್ನು ಗಮ್ ಹಾಕಿ ಕೂರಿಸಿ, ಮೇಲೆ ತಿರುಪು ಮುಚ್ಚಳ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ತಗೊಳ್ಳುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದಲ್ಲ, ಅದನ್ನು ತುಂಬಿ, ತಂತಿಗಳನ್ನು ಇಳಿಬಿಟ್ಟು, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎರಡು ಸಲ ಅಲುಗಾಡಿಸಿ ತೆಗೆದರೆ ಐದೇ ನಿಮಿಷಕ್ಕೆ ತಾನಾಗೇ ಒಣಗುತ್ತದೆ. ಕುದಿಸಿದ್ದಕ್ಕಿಂತ ಇದು ಎಷ್ಟೋ ವಾಸಿ, ಎರಡು ಮೂರು ವಾರ ತಡೆಯಿತು. ಅದೇ ದ್ರವವನ್ನು ನಾಲ್ಕು ಸಲ ಬಳಸಿದೆ. ಒಂದೇ ಎಚ್ಚರಿಕೆ, ಬೇಗ ಹೊತ್ತಿಕೊಳ್ಳುವ ವಸ್ತು, ಅಡುಗೆಮನೆಯಲ್ಲಿ ಬೇಡ, ದೇವರ ದೀಪದ ಹತ್ತಿರವಂತೂ ಬೇಡವೇ ಬೇಡ. ಇನ್ನೊಂದು, ತಂತಿಯನ್ನು ಬಿಚ್ಚಿ ಮತ್ತೆ ಸುತ್ತುವಾಗ ಶ್ರುತಿ ಕೀಲಿಯ ಹತ್ತಿರ ಮಡಿಸಿದ ಜಾಗ ಸೋತಿರುತ್ತದೆ. ನನ್ನ ಎ ತಂತಿ ಮೂರನೇ ಸ್ನಾನದ ನಂತರ ಅಲ್ಲೇ ಪಟ್ ಅಂತ ಹೋಯಿತು.

ಇಷ್ಟೆಲ್ಲ ಮಾಡಿ ಮೈದಾನಕ್ಕೆ ಹೋದರೆ ಏನಾಯಿತು? ಚಿಂತಾಮಣಿಯ ಕಥೆಯೇ. ರೌಂಡ್ ತಂತಿ ತುಂಬಾ ಹೊತ್ತು ಮೊಳಗುತ್ತದೆ. ಮನೆಯಲ್ಲಿ ಅದು ಚೆಂದ. ಮೈದಾನದಲ್ಲಿ ಹಿಂದಿನ ಸ್ವರ ಸಾಯುವ ಮೊದಲೇ ಮುಂದಿನದು ಬಂದು ಅದರ ಮೇಲೆ ಬೀಳುತ್ತದೆ. ಸ್ವರ ಬಿಡಿಸಿ ಹೇಳಬೇಕಾದ ಮೇಲಿನ ಹೊಳಪನ್ನು ಸೌಂಡ್ಸ್‌ನವರು "ಕೀರ್ ಅಂತಿದೆ ಸರ್" ಅಂತ ಕಡಿದುಹಾಕಿರುತ್ತಾರೆ.

ಎರಡನೇದು ಫ್ಲಾಟ್‌ವೂಂಡ್. ಇದರಲ್ಲಿ ಹೊರಗಿನ ಸುತ್ತು ಚಪ್ಪಟೆ ಪಟ್ಟಿಯದು, ಮುಟ್ಟಿದರೆ ಗಾಜಿನ ಹಾಗೆ ನುಣುಪು. ರೌಂಡಿಗೆ ಕೊಟ್ಟದ್ದರ ಎರಡರಷ್ಟಕ್ಕಿಂತ ಜಾಸ್ತಿ ಕೊಟ್ಟೆ. ಕೊಡುವಾಗ ಹೊಟ್ಟೆ ಉರಿಯಿತು. ಅದೇ 45–100 ಅಳತೆ, ಆದರೆ ಬೆರಳಿಗೆ ಬಿಗಿ ಜಾಸ್ತಿ. ಹಾಕಿದ ಮಾರನೇ ದಿನ ಬೇಸ್‌ನ ಕತ್ತು ಮುಂದಕ್ಕೆ ಬಾಗಿ, ತಂತಿಗಳು ಮೇಲೆದ್ದಿದ್ದವು. ಒಂದನೇ ಫ್ರೆಟ್ಟನ್ನೂ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕೊನೇ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ನೋಡಿದರೆ, ಒಂದು ವಿಸಿಟಿಂಗ್ ಕಾರ್ಡ್ ತೂರಬೇಕಾದ ಜಾಗದಲ್ಲಿ ಮೂರು ತೂರುತ್ತಿದ್ದವು. ಕತ್ತಿನ ಒಳಗೆ ಬಾಗು ಸರಿಮಾಡಲು ಇರುವ ಕಂಬಿ, ಟ್ರಸ್ ರಾಡನ್ನು ಕಾಲು ಸುತ್ತು ಬಿಗಿಮಾಡಿ, ಒಂದು ರಾತ್ರಿ ಬಿಟ್ಟು, ಮತ್ತೆ ಅರೆಪಾವು ಸುತ್ತು. ಅವಸರ ಮಾಡಿ ಒಂದೇ ಸಲ ತಿರುಗಿಸಬೇಡಿ. ಆಮೇಲೆ ಬ್ರಿಡ್ಜ್‌ನಲ್ಲಿ (ತಂತಿಯ ಕೆಳತುದಿ ಕೂರುವ ಲೋಹದ ತುಂಡು) ಇಂಟೊನೇಷನ್, ಅಂದರೆ ಕತ್ತಿನುದ್ದಕ್ಕೂ ಶ್ರುತಿ, ಸರಿಮಾಡಿಕೊಂಡೆ. 12ನೇ ಫ್ರೆಟ್ಟಿನ ಹಾರ್ಮಾನಿಕ್ಕೂ (ತಂತಿಗೆ ಬೆರಳು ಬರೀ ತಾಗಿಸಿ ಮೀಟಿದಾಗ ಬರುವ ಮೇಲಿನ ಸ್ವರ) ಅಲ್ಲೇ ಒತ್ತಿದ ಸ್ವರವೂ ಟ್ಯೂನರಿನಲ್ಲಿ ಒಂದೇ ಕಡೆ ನಿಲ್ಲಬೇಕು, ಅಷ್ಟೇ ಲೆಕ್ಕ.

ಮನೆಯ ರೆಕಾರ್ಡಿಂಗ್ ಕೇಳಿ ಬೇಜಾರಾಯಿತು. ಕಂಬಳಿ ಹೊದಿಸಿದ ಹಾಗೆ ಇತ್ತು. ಇಷ್ಟು ದುಡ್ಡು ಕೊಟ್ಟು ಹಳೇ ತಂತಿಯ ಸದ್ದು ಕೊಂಡುಕೊಂಡೆನಲ್ಲಾ ಅನ್ನಿಸಿತು. ಆ ವಾರವೇ ತುಮಕೂರಿನಲ್ಲಿ ಮದುವೆ ಆರತಕ್ಷತೆ ಇತ್ತು. ಬದಲಾಯಿಸಲು ಸಮಯ ಇರಲಿಲ್ಲ, ಹಾಗೇ ಹೋದೆ.

ಮೊದಲ ಹಾಡಿಗೇ ಡೋಲಕ್ಕಿನವರು ತಿರುಗಿ ನೋಡಿದರು. ತುಂ, ತುಂ ಅಂತ ಒಂದೊಂದು ಸ್ವರ ಬಂದು ಬಡಿದು ನಿಂತುಬಿಡುತ್ತಿತ್ತು. ಮೊಳಗು ಬೇಗ ಇಳಿಯುವುದರಿಂದ ಎರಡು ಸ್ವರಗಳ ಮಧ್ಯೆ ಜಾಗ ಇತ್ತು, ಆ ಜಾಗದಲ್ಲಿ ಡೋಲಕ್ ಕೇಳಿಸುತ್ತಿತ್ತು. ಎಂಬತ್ತರ ದಶಕದ ಹಾಡುಗಳಲ್ಲಿ ಬೇಸ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡುತ್ತಾ ಇರುತ್ತಲ್ಲ, ಅವು ಮೊದಲ ಸಲ ನನಗೇ ಸರಿಯಾಗಿ ಕೇಳಿಸಿದವು. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ನಿಗೆ ದಪ್ಪ ಫ್ಲಾಟ್ ತಂತಿ ಹಾಕಿ, ತುಂಡಾಗುವ ತನಕ ಬದಲಾಯಿಸುತ್ತಿರಲಿಲ್ಲ ಅಂತ ಓದಿದ್ದೆ, ಆಗ ಜಿಪುಣತನ ಅಂದುಕೊಂಡಿದ್ದೆ. ಈಗ ನನ್ನ ಫ್ಲಾಟ್ ಸೆಟ್ಟಿಗೆ ಒಂಬತ್ತು ತಿಂಗಳು. ಹಾಕಿದಾಗಿನದಕ್ಕಿಂತ ಈಗಲೇ ಚೆನ್ನಾಗಿದೆ. ಒರೆಸುವುದು ಬಿಟ್ಟು ಬೇರೆ ಸೇವೆ ಏನೂ ಮಾಡಿಲ್ಲ.

ಕೊರತೆ ಇಲ್ಲದಿಲ್ಲ. ಆ ಆರತಕ್ಷತೆಯ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ನೋಡಿದ ತಂಗಿ, "ಅಣ್ಣಾ, ನಿಂದು ಕೇಳಿಸ್ತಾನೇ ಇಲ್ಲ" ಅಂದಳು. ಎಲ್ಲಕ್ಕಿಂತ ದಪ್ಪ ಇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಅದು ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಫೋನಿನ ಸ್ಪೀಕರಿಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ, ನಮ್ಮ ಕಿವಿ ಮೇಲಿನ ಹಾರ್ಮಾನಿಕ್‌ಗಳನ್ನು ಕೇಳಿ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಫ್ಲಾಟ್‌ನಲ್ಲಿ ಆ ಮೇಲಿನದ್ದೇ ಕಮ್ಮಿ. ರೀಲ್ಸ್ ಮಾಡುವವರು ಇದನ್ನು ಹಾಕಿಕೊಂಡರೆ ಮೂಕಿ ಚಿತ್ರವೇ.

ಮೂರನೇದು ಕಪ್ಪು ನೈಲಾನ್ ಸುತ್ತಿದ ಟೇಪ್‌ವೂಂಡ್. ನೋಡಲು ಎಷ್ಟು ಚೆಂದ ಗೊತ್ತಾ, ಕೇರೆ ಹಾವಿನ ಹಾಗೆ ಮಿಂಚುತ್ತದೆ. ಬೆರಳಿಗೆ ಮೆತ್ತಗೆ, ಬಿಗಿ ಕಮ್ಮಿ, ಸದ್ದಂತೂ, ನೆಟ್ಟಗೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಮರದ ಡಬಲ್ ಬೇಸ್‌ಗೆ ಹತ್ತಿರ. ಭಾವಗೀತೆಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ಈಗಲೂ ಹೇಳುತ್ತೇನೆ.

ಆದರೆ ದಪ್ಪ. ಇ ತಂತಿ 115. ಕತ್ತಿನ ಮೇಲ್ತುದಿಯಲ್ಲಿ ತಂತಿಗಳನ್ನು ಹಿಡಿಯುವ ಪಟ್ಟಿ, ಅಂದರೆ ನಟ್ಟಿನ ಗಾಡಿಯಲ್ಲಿ (ಕೊರೆದ ಸಂದಿಯಲ್ಲಿ) ಕೂರಲಿಲ್ಲ, ಅಂಚಿನ ಮೇಲೆ ಹತ್ತಿ ನಿಂತಿತು. ಅಂಗಡಿಗೆ ಹೋಗುವ ಬದಲು ಹಳೇ ರೌಂಡ್ ತಂತಿಯ ತುಂಡನ್ನೇ ಗರಗಸದ ಹಾಗೆ ಹಿಂದೆ ಮುಂದೆ ಎಳೆದು ಗಾಡಿ ಅಗಲ ಮಾಡಿದೆ. ಉಪಾಯ ಒಳ್ಳೆಯದೇ, ಝರ್ ಅನ್ನುವ ಸುತ್ತೇ ಅರದ ಕೆಲಸ ಮಾಡುತ್ತದೆ. ಎರಡು ತಿಂಗಳ ಮೇಲೆ ಹಳೇ ಅಳತೆಗೆ ವಾಪಸ್ ಬಂದಾಗ ಗೊತ್ತಾಯಿತು, ಅಗಲ ಮಾಡಿದ್ದನ್ನು ಕಿರಿದು ಮಾಡಲು ಬರುವುದಿಲ್ಲ ಅಂತ. 100ರ ತಂತಿ ಗಾಡಿಯಲ್ಲಿ ಅಳ್ಳಾಡಿ ಜುಂಯ್ ಅನ್ನುತ್ತಿತ್ತು. ಕೊನೆಗೆ ಗಾಡಿಗೆ ಅಡುಗೆ ಸೋಡಾ ತುಂಬಿ, ಮೇಲೆ ಫೆವಿಕ್ವಿಕ್ ಒಂದೇ ಹನಿ. ಸುಯ್ ಅಂತ ಹೊಗೆ ಬಂದು ಕ್ಷಣದಲ್ಲಿ ಕಲ್ಲಾಯಿತು. ಅದರಲ್ಲಿ ಮತ್ತೆ ಹೊಸ ಗಾಡಿ ಕೊರೆದೆ. ಸುತ್ತ ಟೇಪ್ ಅಂಟಿಸಿಕೊಳ್ಳಿ, ನಾನು ಅಂಟಿಸದೆ ಫ್ರೆಟ್‌ಬೋರ್ಡಿನ ಮೇಲೆ ಒಂದು ಬಿಳಿ ಚುಕ್ಕೆ ಶಾಶ್ವತವಾಗಿ ಕೂತಿದೆ.

ಇನ್ನೊಂದು ಸಂಗತಿ ನನಗೆ ಮೊದಲು ಹೊಳೆದಿರಲೇ ಇಲ್ಲ. ಬೇರೆ ತಂತಿಗಳನ್ನು ಕೈಯಿಂದ ಮುಟ್ಟಿದರೆ ಬ್ರಿಡ್ಜ್ ಮೂಲಕ ನಮ್ಮ ಮೈಯೂ ಅರ್ಥ್ ಆಗುತ್ತದೆ, ಜುಂ ಅನ್ನುವ ಸದ್ದು ನಿಲ್ಲುತ್ತದೆ. ನೈಲಾನ್ ಮೈಗೂ ತಂತಿಗೂ ಮಧ್ಯೆ ರಗ್ಗು ಹೊದಿಸಿದ ಹಾಗೆ, ಮುಟ್ಟಿದರೂ ಪ್ರಯೋಜನ ಇಲ್ಲ. ಸೀರಿಯಲ್ ಲೈಟಿನ ಪಕ್ಕ ನಿಂತರೆ ಹಾಡಿನ ಮಧ್ಯೆಯೆಲ್ಲಾ ಜುಂ. ಒಂದು ಭಾನುವಾರ ಕೂತು ಒಳಗಿನ ಗುಂಡಿಗೆ ಪೂರ್ತಿ ತಾಮ್ರದ ಅಂಟುಪಟ್ಟಿ ಹಚ್ಚಿ, ಅದಕ್ಕೆ ಅರ್ಥ್ ವೈರ್ ಬೆಸುಗೆ ಹಾಕಿದ ಮೇಲೆ ಅರ್ಧ ಕಮ್ಮಿಯಾಯಿತು. ಆ ಕೆಲಸ ಯಾವ ತಂತಿಗಾದರೂ ಒಳ್ಳೆಯದೇ. ಇದರಲ್ಲಿ ಒಂದು ಲಾಭವೂ ಕಂಡೆ: ಪೆಂಡಾಲಿನ ಹಾಳು ವೈರಿಂಗಿನಲ್ಲಿ ಮೈಕಿಗೆ ತುಟಿ ತಾಗಿದಾಗ ಚುರ್ ಅಂತ ಹೊಡೆಯುವುದು ನೈಲಾನ್ ಇದ್ದಾಗ ಆಗಲಿಲ್ಲ. ಹಾಗಂತ ಇದು ರಕ್ಷಣೆ ಅಂದುಕೊಳ್ಳಬೇಡಿ, ಬ್ರಿಡ್ಜ್ ಲೋಹದ್ದೇ. ಶುರುವಿಗೆ ಮುಂಚೆ ಮೈಕಿನ ಜಾಲರಿಗೆ ಟೆಸ್ಟರ್ ಮುಟ್ಟಿಸಿ ನೋಡುವುದು ಈಗ ನನಗೆ ಅಭ್ಯಾಸವಾಗಿದೆ. ಮೈದಾನದಲ್ಲಿ ನೈಲಾನ್ ಮೆತ್ತಗಾಯಿತು, ರಿದಂ ಪ್ಯಾಡ್ ನುಂಗಿಹಾಕಿತು. ನಾಲ್ಕನೇ ಕಾರ್ಯಕ್ರಮಕ್ಕೇ ಬಿಚ್ಚಿದೆ. ಆರು ಮಾಡುವಷ್ಟು ತಾಳ್ಮೆ ಇರಲಿಲ್ಲ.

ದುಡ್ಡು ಹಾಕಲು ಇಷ್ಟ ಇಲ್ಲದವರಿಗೆ ಇನ್ನೊಂದು. ಪಾತ್ರೆ ತಿಕ್ಕುವ ಸ್ಪಂಜಿನ ಹಳದಿ ಭಾಗವನ್ನು ಬೆರಳಗಲಕ್ಕೆ ಕತ್ತರಿಸಿ ರೌಂಡ್ ತಂತಿಯ ಕೆಳಗೆ, ಬ್ರಿಡ್ಜ್‌ಗೆ ಒತ್ತಿ ತೂರಿಸಿ, ಟೋನ್ ನಾಬ್ ಅರ್ಧ ಇಳಿಸಿ. ಹಳೇ ಫೆಂಡರ್‌ಗಳಲ್ಲಿ ಬ್ರಿಡ್ಜ್ ಮುಚ್ಚಳದ ಒಳಗೆ ಇಂಥದ್ದೇ ಫೋಮ್ ಇರುತ್ತಿತ್ತು. ಹತ್ತು ರೂಪಾಯಿಗೆ ಫ್ಲಾಟಿನ ಮುಕ್ಕಾಲು ಪಾಲು ಬಂತು, ನಾನು ಇದನ್ನೇ ಮೊದಲು ಮಾಡಬೇಕಿತ್ತು. ತೀರಾ ಒತ್ತಿದರೆ ಸ್ವರ ಸತ್ತು ಬರೀ ಟಕ್ ಟಕ್ ಉಳಿಯುತ್ತದೆ, ಸ್ಪಂಜು ತಂತಿಗೆ ಸುಮ್ನೆ ಸೋಕಿದರೆ ಸಾಕು.

ಈಗ ಬೇಸ್ ಮೇಲಿರುವುದು ಫ್ಲಾಟ್. ರೌಂಡ್ ಸೆಟ್ ಪೈಪಿನಲ್ಲಿ ಸ್ನಾನ ಮಾಡಿ ಪೇಪರಿನಲ್ಲಿ ಸುತ್ತಿಕೊಂಡು ಕೂತಿದೆ, ಯಾರಾದರೂ ಸ್ಟುಡಿಯೋಗೆ ಕರೆದರೆ ಹಾಕಬೇಕು. ನೈಲಾನ್ ಸೆಟ್ಟನ್ನು ಭಾವಗೀತೆ ತಂಡದ ಗೆಳೆಯನಿಗೆ ಕೊಟ್ಟೆ, ನಟ್ ಅಗಲ ಮಾಡುವ ಮುಂಚೆ ಫೋನ್ ಮಾಡು ಅಂತ ಹೇಳಿ. ಕೀಬೋರ್ಡ್ ಅಣ್ಣ ಈಗ ನಾನು ನುಡಿಸುವಾಗ ಎಡಗೈಯಲ್ಲಿ ಬೇಸ್ ಹಾಕುವುದಿಲ್ಲ, ಆ ಕೈಯಲ್ಲಿ ಟೀ ಲೋಟ ಇರುತ್ತದೆ.